ಐಆರ್‌ಎ ಯಾವ ಕಂಪನಿಯಲ್ಲಿ ತೆರೆಯಲಿ? ಮುಂದೆ ಊರಿಗೆ ಹೋಗುವ ಯೋಚನೆಯೂ ಇದೆ

ಪ್ರಶ್ನೆ:
ನಮಸ್ಕಾರ ಮೇಡಂ. ನಾವು ಡಲ್ಲಾಸ್‌ನಲ್ಲಿದ್ದೇವೆ. ಗಂಡ ಹೆಂಡತಿ ಇಬ್ಬರೂ ಎಚ್‌1ಬಿ, ಇಬ್ಬರಿಗೂ ಕೆಲಸವಿದೆ. ನನ್ನ ಹಳೆಯ ಕೆಲಸದ 401ಕೆಯಲ್ಲಿ (ಕಂಪನಿಯ ಮೂಲಕ ಇರುವ ನಿವೃತ್ತಿ ಉಳಿತಾಯ ಖಾತೆ) 60 ಸಾವಿರ ಡಾಲರ್ ಸುಮ್ನೆ ಕೂತಿದೆ. ಅದನ್ನು ಐಆರ್‌ಎಗೆ, ಅಂದರೆ ನಾವೇ ತೆರೆಯುವ ನಿವೃತ್ತಿ ಖಾತೆಗೆ, ಹಾಕೋಣ ಅಂತಿದ್ದೇವೆ. ಒಬ್ಬರು ಫಿಡೆಲಿಟಿ ಅಂತಾರೆ, ಇನ್ನೊಬ್ಬರು ಶ್ವಾಬ್, ಮತ್ತೊಬ್ಬರು ವ್ಯಾನ್‌ಗಾರ್ಡ್. ನಮ್ಮ ಬ್ಯಾಂಕಿನವರೂ ಕರೆಯುತ್ತಿದ್ದಾರೆ. ಯುಗಾದಿ ಊಟದಲ್ಲಿ ಸಿಕ್ಕವರೊಬ್ಬರು ಆನ್ಯುಟಿ (ವಿಮಾ ಕಂಪನಿಯ ಪಿಂಚಣಿ ಯೋಜನೆ) ತಗೊಳ್ಳಿ, ನಷ್ಟವೇ ಇಲ್ಲ ಅಂತ ಬೆನ್ನು ಬಿದ್ದಿದ್ದಾರೆ. ಐದಾರು ವರ್ಷದಲ್ಲಿ ಮೈಸೂರಿಗೆ ವಾಪಸಾಗುವ ಆಸೆ. ಯಾರನ್ನು ಆರಿಸಲಿ?

ಉತ್ತರ:
ನಿಮ್ಮ ಕೊನೆಯ ಸಾಲೇ ಇಲ್ಲಿ ಮುಖ್ಯ. ಅಲ್ಲಿಗೆ ಆಮೇಲೆ ಬರುತ್ತೇನೆ.

ನೀವು ಹೆಸರಿಸಿದ ಮೂರು ದೊಡ್ಡ ಕಂಪನಿಗಳಲ್ಲಿ ಯಾವುದಾದರೂ ನಡೆಯುತ್ತದೆ. ಐಆರ್‌ಎ ಬರೀ ಡಬ್ಬಿ. ಒಳಗೆ ಏನು ಹಾಕುತ್ತೀರಿ, ಅದರ ಖರ್ಚೆಷ್ಟು ಅನ್ನುವುದೇ ಲೆಕ್ಕ. ಇಡೀ ಅಮೆರಿಕದ ಷೇರು ಮಾರುಕಟ್ಟೆಯನ್ನು ಹಿಡಿಯುವ ವ್ಯಾನ್‌ಗಾರ್ಡ್‌ನ ವಿಟಿಐ ಫಂಡಿನ ಖರ್ಚು ವರ್ಷಕ್ಕೆ ಶೇ. 0.03. ಯಾರಾದರೂ ವರ್ಷಕ್ಕೆ ಶೇ. 1 ತಗೊಂಡು ನೋಡಿಕೊಳ್ಳುತ್ತೇವೆ ಅಂದರೆ ಒಮ್ಮೆ ಹೀಗೆ ಲೆಕ್ಕ ಹಾಕಿ. 1 ಲಕ್ಷ ಡಾಲರ್ ಶೇ. 6ರಂತೆ ಬೆಳೆದರೆ 25 ವರ್ಷಕ್ಕೆ 4.29 ಲಕ್ಷ. ಶೇ. 5ರಂತೆ ಬೆಳೆದರೆ 3.39 ಲಕ್ಷ. ನಡುವಿನ 90 ಸಾವಿರ ಅವರ ಪಾಲು.

ಬ್ಯಾಂಕಿನ ಐಆರ್‌ಎಯಲ್ಲಿ ಸಾಮಾನ್ಯವಾಗಿ ಸಿಗುವುದು ಸಿಡಿ, ಅಂದರೆ ನಮ್ಮ ಎಫ್‌ಡಿ ಥರ. ಎಫ್‌ಡಿಐಸಿ ವಿಮೆ, ಅಂದರೆ ಸರ್ಕಾರದ ಠೇವಣಿ ವಿಮೆ, 2.5 ಲಕ್ಷ ಡಾಲರ್‌ವರೆಗೆ ಇದೆ. ಸುರಕ್ಷಿತ, ಆದರೆ ನಿಮ್ಮ ವಯಸ್ಸಿಗೆ ಬೆಳವಣಿಗೆ ಸಾಲದು. ಇನ್ನು ಆನ್ಯುಟಿ. ಐಆರ್‌ಎಗೆ ತೆರಿಗೆ ಮುಂದೂಡುವ ಸೌಲಭ್ಯ ಮೊದಲೇ ಇದೆ. ಅದಕ್ಕೇ ಮತ್ತೆ ದುಡ್ಡು ಕೊಟ್ಟು, ಮೇಲೆ ವರ್ಷಗಟ್ಟಲೆ ಸರೆಂಡರ್ ಚಾರ್ಜ್‌ಗೆ (ನಡುವೆ ಬಿಟ್ಟರೆ ಕೊಡುವ ದಂಡ) ಕಟ್ಟಿಹಾಕಿಕೊಳ್ಳುವುದು ಯಾಕೆ? ಕಮಿಷನ್ ಎಷ್ಟು ಅಂತ ಅವರನ್ನೇ ಕೇಳಿ, ಮುಂದಿನ ಊಟದಲ್ಲಿ ಬೇರೆ ಕಡೆ ಕೂರುತ್ತಾರೆ.

ಈಗ ಮೈಸೂರಿನ ವಿಷಯ. ವಿಳಾಸ ಭಾರತಕ್ಕೆ ಬದಲಾದ ತಕ್ಷಣ ಕೆಲವು ಕಂಪನಿಗಳು ಮ್ಯೂಚುಯಲ್ ಫಂಡ್ ಕೊಳ್ಳಲು ಬಿಡುವುದಿಲ್ಲ. ಕೆಲವು ಖಾತೆಯನ್ನೇ ಬೇರೆಡೆಗೆ ಒಯ್ಯಿರಿ ಅನ್ನುತ್ತವೆ. ಈ ನಿಯಮಗಳು ಬದಲಾಗುತ್ತಲೇ ಇರುತ್ತವೆ. ಹಾಗಾಗಿ ತೆರೆಯುವ ಮುಂಚೆಯೇ ಬರವಣಿಗೆಯಲ್ಲಿ ಕೇಳಿ: "ನಾನು ಭಾರತದ ನಿವಾಸಿಯಾದರೆ ಈ ಐಆರ್‌ಎ ಇಟ್ಟುಕೊಳ್ಳುತ್ತೀರಾ? ಒಳಗೆ ಕೊಳ್ಳಲು, ಮಾರಲು ಬಿಡುತ್ತೀರಾ?" ಫೋನಿನಲ್ಲಿ ಹೂಂ ಅಂದದ್ದು ಲೆಕ್ಕಕ್ಕಿಲ್ಲ. ಮ್ಯೂಚುಯಲ್ ಫಂಡಿನ ಬದಲು ಇಟಿಎಫ್ (ಷೇರಿನಂತೆ ಕೊಂಡು ಮಾರುವ ಫಂಡ್) ಇಟ್ಟುಕೊಂಡರೆ ಹಾಗೇ ಇನ್ನೊಂದು ಕಂಪನಿಗೆ ಸಾಗಿಸಬಹುದು. ಫಿಡೆಲಿಟಿಯ ಝೀರೋ ಫಂಡ್‌ಗಳಿಗೆ ಖರ್ಚಿಲ್ಲ ನಿಜ, ಆದರೆ ಬೇರೆಡೆಗೆ ಹೋಗುವಾಗ ಮಾರಲೇಬೇಕು.

ಇನ್ನೊಂದು ಮಾತು, 401ಕೆಯನ್ನು ಈಗಲೇ ಐಆರ್‌ಎಗೆ ತರಬೇಡಿ. ಇಬ್ಬರೂ ದುಡಿಯುತ್ತೀರಿ. ಜಂಟಿ ರಿಟರ್ನ್‌ನವರಿಗೆ 2026ರಲ್ಲಿ 2.42 ಲಕ್ಷ ಡಾಲರ್ ಆದಾಯ ದಾಟಿದರೆ ರಾತ್ ಐಆರ್‌ಎಗೆ (ತೆರಿಗೆ ಕಟ್ಟಿದ ಹಣ ಹಾಕಿ, ಮುಂದೆ ತೆರಿಗೆಯಿಲ್ಲದೆ ತೆಗೆಯುವ ಖಾತೆ) ನೇರವಾಗಿ ಹಾಕಬಹುದಾದ ಮೊತ್ತ ಕಡಿಮೆಯಾಗುತ್ತಾ ಹೋಗುತ್ತದೆ. ಆಗ ಉಳಿಯುವುದು ಬ್ಯಾಕ್‌ಡೋರ್ ದಾರಿ, ಅಂದರೆ ಮೊದಲು ಟ್ರೆಡಿಷನಲ್ (ಮಾಮೂಲಿ) ಐಆರ್‌ಎಗೆ ಹಾಕಿ ಆಮೇಲೆ ರಾತ್‌ಗೆ ಬದಲಿಸುವುದು. ಟ್ರೆಡಿಷನಲ್ ಐಆರ್‌ಎಯಲ್ಲಿ ಈ 60 ಸಾವಿರ ಕೂತಿದ್ದರೆ, ವರ್ಷದ ಮಿತಿ 7,500 ಹಾಕಿ ರಾತ್‌ಗೆ ಬದಲಿಸಿದಾಗ ಎರಡನ್ನೂ ಸೇರಿಸಿ ಲೆಕ್ಕ ಹಾಕುವುದರಿಂದ ಅದರಲ್ಲಿ ಸುಮಾರು 6,667 ಡಾಲರ್‌ಗೆ ತೆರಿಗೆ ಬೀಳುತ್ತದೆ. ಹೊಸ ಕೆಲಸದ 401ಕೆಗೆ ಸೇರಿಸಲು ಬಿಡುತ್ತಾರಾ ಕೇಳಿ. ತಂದರೂ ನೇರ ವರ್ಗಾವಣೆಯೇ ಆಗಲಿ. ಚೆಕ್ ನಿಮ್ಮ ಹೆಸರಿಗೆ ಬಂದರೆ ಶೇ. 20 ಹಿಡಿದಿಡುತ್ತಾರೆ. 60 ದಿನದೊಳಗೆ ಆ ಶೇ. 20ನ್ನೂ ಜೇಬಿನಿಂದ ಸೇರಿಸಿ ತುಂಬಬೇಕು.

ಪ್ರಶ್ನೆ:
ತುಂಬಾ ಥ್ಯಾಂಕ್ಸ್ ಮೇಡಂ. ಹೋದಮೇಲೂ ಇಲ್ಲಿರುವ ಸ್ನೇಹಿತನ ಮನೆ ವಿಳಾಸವನ್ನೇ ಇಟ್ಟುಕೊಂಡರೆ ಆಗಲ್ವಾ? ಎಲ್ಲರೂ ಹಾಗೇ ಮಾಡ್ತಾರಲ್ಲ.

ಉತ್ತರ:
ಮಾಡುತ್ತಾರೆ, ಗೊತ್ತು. ನಾನು ಹೇಳಿಕೊಡಲಾರೆ. ವಾಸ ಬದಲಾದದ್ದನ್ನು ಕಂಪನಿಗೆ ತಿಳಿಸಬೇಕು. ಅಮೆರಿಕದ ಪೌರತ್ವ, ಗ್ರೀನ್ ಕಾರ್ಡ್ ಎರಡೂ ಇಲ್ಲದೆ ಹೋದವರು ಡಬ್ಲ್ಯೂ-8ಬೆನ್ ಫಾರ್ಮ್ (ನಾನು ಇಲ್ಲಿನ ನಿವಾಸಿಯಲ್ಲ ಎಂದು ತಿಳಿಸುವ ಫಾರ್ಮ್) ತುಂಬಿ ಭಾರತದ ವಿಳಾಸ ಕೊಡಬೇಕು. ಇದಕ್ಕಿಂತ ಜನ ಮರೆಯುವುದು ಎಸ್ಟೇಟ್ ಟ್ಯಾಕ್ಸ್. ಅಮೆರಿಕದ ಪ್ರಜೆಯೂ ಅಲ್ಲದೆ, ಇಲ್ಲಿ ನೆಲೆಯೂ ಇಲ್ಲದೆ ತೀರಿಕೊಂಡರೆ, ಅಮೆರಿಕದ ಆಸ್ತಿಯಲ್ಲಿ ವಿನಾಯಿತಿ 60,000 ಡಾಲರ್ ಮಾತ್ರ. ಅದರಾಚೆಗೆ ಶೇ. 40ರವರೆಗೆ ತೆರಿಗೆ. ಐಆರ್‌ಎಯೂ ಇದರಲ್ಲಿ ಬರುತ್ತದೆ. ಬೆನಿಫಿಷಿಯರಿ (ನಾಮಿನಿ) ಹೆಸರು ಹಾಕಿದ್ದೀರಾ, ಇವತ್ತೇ ನೋಡಿ.

ಇನ್ನೊಬ್ಬ ಸದಸ್ಯರು:
ನಾನು ಬೆಂಗಳೂರಿಗೆ ವಾಪಸ್ ಬಂದಾಯಿತು ಮೇಡಂ. ಖಾತೆಯೊಳಗೆ ಬೆಳೆದ ಹಣಕ್ಕೆ ಇಲ್ಲಿ ಪ್ರತಿ ವರ್ಷ ತೆರಿಗೆ ಕಟ್ಟಬೇಕಾ?

ಉತ್ತರ:
ಮೊದಲು ಆರ್‌ಎನ್‌ಒಆರ್ ಸ್ಥಿತಿ (ವಾಪಸಾದವರಿಗೆ ಮೊದಲ ಸ್ವಲ್ಪ ಕಾಲ ಸಿಗುವ ತೆರಿಗೆ ಸ್ಥಾನ) ಮುಗಿಯಿತಾ ನೋಡಿ. ಅದಿರುವವರೆಗೆ ಈ ಚಿಂತೆಯಿಲ್ಲ. ಮುಗಿದಮೇಲೆ 2021ರ ಬಜೆಟ್‌ನಲ್ಲಿ ಆದಾಯ ತೆರಿಗೆ ಕಾಯ್ದೆಗೆ 89ಎ ಸೆಕ್ಷನ್ ಆಗಿ ಬಂದ ಸೌಲಭ್ಯವಿದೆ. ಅಮೆರಿಕ, ಬ್ರಿಟನ್, ಕೆನಡಾದ ನಿವೃತ್ತಿ ಖಾತೆಗಳಿಗೆ ಅನ್ವಯ. ಹಣ ತೆಗೆಯುವ ವರ್ಷಕ್ಕೆ ತೆರಿಗೆಯನ್ನು ಮುಂದೂಡಬಹುದು. ಇದಕ್ಕೆ 10ಇಇ ಫಾರ್ಮ್ ಸಲ್ಲಿಸಬೇಕಿತ್ತು, ಒಮ್ಮೆ ಆರಿಸಿದರೆ ಹಿಂತೆಗೆಯುವಂತಿಲ್ಲ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ, ಸೆಕ್ಷನ್ ನಂಬರುಗಳು ಬದಲಾಗಿವೆ. ರಿಟರ್ನ್ ಹಾಕುವ ಮುಂಚೆ ನಿಮ್ಮ ಸಿಎ ಹತ್ತಿರ ಹೊಸ ಫಾರ್ಮ್ ಕೇಳಿ ತಗೊಳ್ಳಿ.