2016ರ ‘ದಿ ಮ್ಯಾಗ್ನಿಫಿಸೆಂಟ್ ಸೆವೆನ್’ ರೀಮೇಕ್: ಮೂಲದ ಪಕ್ಕದಲ್ಲಿಟ್ಟು ನೋಡಬಹುದೇ?

ಭಾನುವಾರದ ಪ್ರೇಕ್ಷಕ (ಪ್ರಶ್ನೆ)

ನಾವು ಹತ್ತು ಹದಿನೈದು ಮಂದಿ ಗೆಳೆಯರು ತಿಂಗಳಿಗೊಮ್ಮೆ ಒಂದೆಡೆ ಸೇರಿ ಸಿನಿಮಾ ನೋಡಿ, ಆಮೇಲೆ ಅದರ ಬಗ್ಗೆ ಮಾತನಾಡುವ ರೂಢಿ ಇಟ್ಟುಕೊಂಡಿದ್ದೇವೆ. ಕಳೆದೆರಡು ಸಲ ಅಕಿರ ಕುರೊಸಾವಾ ಅವರ ‘ಸೆವೆನ್ ಸಮುರಾಯ್’ (1954) ಚಿತ್ರವನ್ನೂ, ಡಕಾಯಿತರಿಂದ ಹಳ್ಳಿಯನ್ನು ಕಾಯಲು ಏಳು ಮಂದಿ ಹೋರಾಟಗಾರರನ್ನು ಕರೆತರುವ ಅದೇ ಕತೆಯನ್ನು ಜಾನ್ ಸ್ಟರ್ಜಸ್ ಅವರು ಮೆಕ್ಸಿಕೊದ ಹಳ್ಳಿಯೊಂದಕ್ಕೆ ತಂದು ಕೌಬಾಯ್ ಚಿತ್ರವಾಗಿಸಿದ ‘ದಿ ಮ್ಯಾಗ್ನಿಫಿಸೆಂಟ್ ಸೆವೆನ್’ (1960) ಚಿತ್ರವನ್ನೂ ನೋಡಿದೆವು. ಮುಂದಿನ ತಿಂಗಳು ಆಂಟ್ವಾನ್ ಫುಕ್ವಾ ನಿರ್ದೇಶನದ 2016ರ ರೀಮೇಕ್ ಹಾಕೋಣವೆಂದು ಕಿರಿಯರು ಪಟ್ಟು ಹಿಡಿದಿದ್ದಾರೆ. ಬರೀ ಗುಂಡಿನ ಸದ್ದು ಕೇಳಲು ಎರಡು ಗಂಟೆ ಕೂರಬೇಕೆ ಎಂಬುದು ಹಿರಿಯರ ಆಕ್ಷೇಪ.

ನಾನು ಅದನ್ನು ಒಮ್ಮೆ ನೋಡಿದ್ದೇನೆ. ನೋಡುವಷ್ಟು ಹೊತ್ತು ಎಲ್ಲಿಯೂ ಬೇಸರವಾಗಲಿಲ್ಲ, ಆದರೆ ಮರುದಿನ ನೆನಪಿಸಿಕೊಳ್ಳಲು ಹೋದರೆ ಹೆಚ್ಚೇನೂ ಕೈಗೆ ಸಿಗಲಿಲ್ಲ. ‘ಹಳೆಯದೇ ಚೆಂದ’ ಎಂಬ ಮಾತಿನಿಂದ ಚರ್ಚೆ ಮುಗಿಸುವುದು ನನಗೆ ಇಷ್ಟವಿಲ್ಲ. ಈ ರೀಮೇಕ್ ಎಲ್ಲಿ ಗೆಲ್ಲುತ್ತದೆ, ಎಲ್ಲಿ ಸೋಲುತ್ತದೆ ಎಂಬುದನ್ನು ದೃಶ್ಯಗಳ ಆಧಾರದಿಂದಲೇ ತಿಳಿಸಿಕೊಡಬಲ್ಲವರು ಇಲ್ಲಿದ್ದಾರೆಂಬ ನಂಬಿಕೆಯಿಂದ ಕೇಳುತ್ತಿದ್ದೇನೆ.

ಕಪ್ಪುಬಿಳುಪು

ಖಂಡಿತ ಹಾಕಿ. ಆದರೆ ಅದರ ಬಲ ಎಲ್ಲಿದೆಯೆಂದು ಮೊದಲೇ ತಿಳಿದುಕೊಂಡು ನೋಡಿದರೆ ಚರ್ಚೆಗೆ ಒಳ್ಳೆಯದು. (ಚಿತ್ರ ನೋಡದವರು ಮುಂದೆ ಓದದಿರುವುದು ಲೇಸು, ಕೊನೆಯನ್ನೂ ಹೇಳಬೇಕಾಗುತ್ತದೆ.)

ಫುಕ್ವಾ ಅವರಿಗೆ ಕಾಳಗವನ್ನು ಕಟ್ಟುವ ಕಲೆ ಗೊತ್ತಿದೆ. ಏಳು ಮಂದಿ ರೋಸ್ ಕ್ರೀಕ್ ಎಂಬ ಆ ಊರಿಗೆ ಮೊದಲ ಸಲ ಕಾಲಿಟ್ಟು, ಗಣಿ ಧಣಿ ಬೋಗ್‌ನ ಬಾಡಿಗೆ ಬಂಟರನ್ನು ಎದುರಿಸುವ ದೃಶ್ಯವನ್ನು ಗಮನಿಸಿ. ಯಾರು ಬೀದಿಯ ನಡುವೆ, ಯಾರು ಮಾಳಿಗೆಯ ಮೇಲೆ, ಯಾರ ಕೈಯಲ್ಲಿ ಚಾಕು, ಯಾರ ಕೈಯಲ್ಲಿ ಬಿಲ್ಲು ಎಂಬುದು ಮೊದಲ ಗುಂಡು ಹಾರುವ ಮುನ್ನವೇ ನಮಗೆ ಮನದಟ್ಟಾಗಿರುತ್ತದೆ. ಇಂದಿನ ಹಲವು ಆಕ್ಷನ್ ಚಿತ್ರಗಳಲ್ಲಿ ಕ್ಯಾಮೆರಾ ಅಲುಗಾಡಿಸಿ ಗಲಿಬಿಲಿಯನ್ನೇ ವೇಗವೆಂದು ತೋರಿಸುವಾಗ, ಇಲ್ಲಿ ಬೀದಿಯ ಉದ್ದಗಲ ಕಣ್ಣಿಗೆ ನಿಲ್ಲುತ್ತದೆ. ಕುದುರೆಗಳೂ ದೂಳೂ ನಿಜವಾದವೆನಿಸುತ್ತವೆ.

ಆ ಕಾಳಗದ ನಡುವೆಯೇ ಚಿತ್ರದ ಅತ್ಯುತ್ತಮ ಕ್ಷಣವೊಂದಿದೆ. ಈಥನ್ ಹಾಕ್ ನಟಿಸಿರುವ ಗುಡ್‌ನೈಟ್ ರೋಬಿಶೋ, ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮಗಿರಿಯ ಪರ ನಿಂತಿದ್ದ ದಕ್ಷಿಣದ ಪಡೆಯಲ್ಲಿದ್ದ ಹೆಸರಾಂತ ಗುರಿಕಾರ. ಓಡಿಹೋಗುತ್ತಿರುವ ವೈರಿ ಅವನ ಗುರಿಗೆ ನೇರವಾಗಿ ಸಿಕ್ಕಿದ್ದಾನೆ, ಬೆರಳು ಬಂದೂಕಿನ ಟ್ರಿಗರ್ ಮೇಲಿದೆ, ಆದರೆ ಬೆರಳು ಅಲುಗುವುದಿಲ್ಲ. ಇದು 1960ರ ಚಿತ್ರದಲ್ಲಿ ರಾಬರ್ಟ್ ವಾನ್ ಮಾಡಿದ ಲೀ ಪಾತ್ರದ ಮುಂದುವರಿಕೆ. ಅಲ್ಲಿ ಲೀ ಮೇಜಿನ ಮೇಲೆ ಕೂತ ಮೂರು ನೊಣಗಳತ್ತ ಕೈ ಬೀಸಿ, ಮುಷ್ಟಿ ಬಿಚ್ಚಿ ನೋಡಿದಾಗ ಒಂದು ಮಾತ್ರ ಸಿಕ್ಕಿರುತ್ತದೆ. ಒಂದು ಕಾಲದಲ್ಲಿ ಮೂರನ್ನೂ ಹಿಡಿಯುತ್ತಿದ್ದೆ ಎನ್ನುತ್ತಾನೆ. ಎರಡು ಚಿತ್ರಗಳೂ ಭಯವನ್ನು ಕೈಯಲ್ಲೇ ತೋರಿಸಿವೆ, ಮಾತಿನಲ್ಲಿ ವಿವರಿಸಿಲ್ಲ.

ಇನ್ನು ಸೋಲು. ನೀವು ಹೇಳಿದ ‘ಕೈಗೆ ಸಿಗಲಿಲ್ಲ’ ಎಂಬ ಅನುಭವಕ್ಕೆ ಕಾರಣ, ನನ್ನ ದೃಷ್ಟಿಯಲ್ಲಿ, ಚಿತ್ರದಲ್ಲಿ ಊರೇ ಇಲ್ಲದಿರುವುದು. ಮನೆಗಳಿವೆ, ಚರ್ಚ್ ಇದೆ, ಜನರೂ ಇದ್ದಾರೆ. ಆದರೆ ಅವರಿಗೆ ತಮ್ಮದೇ ಆದ ಮನಸ್ಸಿಲ್ಲ. 1960ರ ಚಿತ್ರದ ನಡುಭಾಗದಲ್ಲಿ ಹಳ್ಳಿಯ ಕೆಲವರು ಹೆದರಿ, ಡಕಾಯಿತ ಕಾಲ್ವೆರಾನನ್ನು ತಾವೇ ಒಳಗೆ ಬಿಟ್ಟುಕೊಂಡು ಏಳು ಮಂದಿಗೆ ದ್ರೋಹ ಬಗೆಯುತ್ತಾರೆ. ಕಾಲ್ವೆರಾ ಅವರನ್ನು ಕೊಲ್ಲದೆ ಊರಾಚೆ ಕಳುಹಿಸಿ, ಬಂದೂಕುಗಳನ್ನೂ ಹಿಂದಿರುಗಿಸುತ್ತಾನೆ. ಇನ್ನು ಯಾರ ಹಂಗೂ ಇಲ್ಲ, ದಾರಿ ತೆರೆದಿದೆ. ಹಾಗಿದ್ದೂ ಅವರು ಮರಳಿ ಬರುತ್ತಾರೆ. ಸಾಯುವ ಕಾಲ್ವೆರಾ, ಇಂಥ ಊರಿಗಾಗಿ ನಿನ್ನಂಥವನು ಏಕೆ ಮರಳಿ ಬಂದೆ ಎಂದು ಏಳು ಮಂದಿಯ ನಾಯಕನ ಪಾತ್ರದ ಯೂಲ್ ಬ್ರಿನ್ನರ್‌ನನ್ನು ಕೇಳುತ್ತಾನೆ. ಅವನು ಉತ್ತರಿಸುವುದಿಲ್ಲ, ಆ ಮೌನ ಪ್ರೇಕ್ಷಕನ ಜೊತೆ ಮನೆಗೆ ಬರುತ್ತದೆ.

ರೀಮೇಕ್‌ನಲ್ಲಿ ಈ ದ್ರೋಹವೂ ಇಲ್ಲ, ಮರಳಿ ಬರುವಿಕೆಯೂ ಇಲ್ಲ. ಗುಡ್‌ನೈಟ್ ಒಬ್ಬನೇ ಹಿಂದಿನ ರಾತ್ರಿ ಹೊರಟುಹೋಗಿ ಕಾಳಗದ ನಡುವೆ ಹಿಂತಿರುಗುತ್ತಾನೆ. ಡೆನ್ಜಲ್ ವಾಷಿಂಗ್ಟನ್ ಮಾಡಿರುವ ಚಿಸಮ್ ಏಕೆ ಬಂದ ಎಂಬುದಕ್ಕೆ ಕೊನೆಯಲ್ಲಿ ಸ್ಪಷ್ಟ ಉತ್ತರವೇ ಸಿಗುತ್ತದೆ: ಬೋಗ್‌ನ ಆಳುಗಳು ಹಿಂದೆ ಕಾನ್ಸಸ್‌ನಲ್ಲಿ ಅವನ ತಾಯಿಯನ್ನೂ ತಂಗಿಯರನ್ನೂ ಕೊಂದಿದ್ದರು, ಅವನ ಕೊರಳಿನಲ್ಲಿ ಇಂದಿಗೂ ನೇಣಿನ ಗುರುತಿದೆ. ಉತ್ತರ ಸಿಕ್ಕ ಕೂಡಲೇ ಕತೆ ಚಿಕ್ಕದಾಗುತ್ತದೆ. ಪರರ ಹೊಲಕ್ಕಾಗಿ ಪ್ರಾಣ ಕೊಟ್ಟವರ ಕತೆ ಒಬ್ಬನ ಹಳೆಯ ಸೇಡಿನ ಕತೆಯಾಗಿಬಿಟ್ಟಿತಲ್ಲ ಎಂಬುದೇ ನನ್ನ ನೋವು.

ತುಂಗಾತೀರ

ಕಪ್ಪುಬಿಳುಪು ಅವರ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ಎರಡು ವಿಷಯಗಳಲ್ಲಿ ರೀಮೇಕ್‌ನ ಪರವಾಗಿ ನಿಲ್ಲಬೇಕೆನಿಸುತ್ತದೆ.

ಒಂದು, ಆ ಏಳು ಮಂದಿ ಯಾರು ಎಂಬುದು. ಚಿತ್ರ ನಡೆಯುವುದು 1879ರಲ್ಲಿ. ನಾಯಕ ಕಪ್ಪು ವರ್ಣೀಯ, ಜೊತೆಗೊಬ್ಬ ಮೆಕ್ಸಿಕನ್, ಅಮೆರಿಕದ ಮೂಲನಿವಾಸಿಗಳಾದ ಕೊಮಾಂಚಿ ಬುಡಕಟ್ಟಿನ ಒಬ್ಬ, ಪೂರ್ವ ಏಷ್ಯಾದ ಒಬ್ಬ ಚಾಕು ನಿಪುಣ. ಇದನ್ನು ಇಂದಿನ ಫ್ಯಾಷನ್ ಎಂದು ತಳ್ಳಿಹಾಕುವವರಿದ್ದಾರೆ. ಆದರೆ ಬಾಸ್ ರೀವ್ಸ್ ಎಂಬ ಕಪ್ಪು ವರ್ಣೀಯರು 1875ರಿಂದಲೇ ಡೆಪ್ಯುಟಿ ಮಾರ್ಷಲ್ ಆಗಿ ಸರ್ಕಾರದ ಬಿಲ್ಲೆ ಧರಿಸಿ, ಅಪರಾಧಿಗಳನ್ನು ಹಿಡಿದು ತರುತ್ತಿದ್ದರು. ದನಗಾಹಿಗಳಲ್ಲಿ ಸರಿಸುಮಾರು ನಾಲ್ವರಲ್ಲಿ ಒಬ್ಬರು ಕಪ್ಪು ವರ್ಣೀಯರಾಗಿದ್ದರೆಂಬ ಅಂದಾಜೂ ಇತಿಹಾಸಕಾರರಲ್ಲಿದೆ. ಹಳೆಯ ಕೌಬಾಯ್ ಚಿತ್ರಗಳೇ ಈ ಮುಖಗಳನ್ನು ಮರೆಮಾಡಿದ್ದವು. ನನ್ನ ದೂರು ಬೇರೆ: ಇಷ್ಟು ಮಂದಿಯನ್ನು ಒಂದೇ ಬೆಂಕಿಯ ಸುತ್ತ ಕೂರಿಸಿದ ಮೇಲೆ, ಅಂತರ್ಯುದ್ಧ ಮುಗಿದು ಹದಿನಾಲ್ಕೇ ವರ್ಷವಾಗಿರುವಾಗ, ಚಿಸಮ್ ಮತ್ತು ದಕ್ಷಿಣದ ಆ ಗುರಿಕಾರ ಗೆಳೆಯರಾಗಿ ಉಳಿದದ್ದು ಹೇಗೆ ಎಂಬುದನ್ನು ಚಿತ್ರ ಒಂದೆರಡು ಮಾತಿನಲ್ಲೇ ದಾಟಿಬಿಡುತ್ತದೆ. ಅಲ್ಲಿ ಒಂದು ಇಡೀ ದೃಶ್ಯವಿರಬೇಕಿತ್ತು. ಚಿಸಮ್ ಕೊಮಾಂಚಿ ತರುಣ ಕೊಟ್ಟ ಜಿಂಕೆಯ ಹಸಿ ಯಕೃತ್ತನ್ನು ಮುಖ ಸಿಂಡರಿಸದೆ ತಿನ್ನುವ ದೃಶ್ಯದಲ್ಲಿ ಎಷ್ಟು ಸೊಗಸಾಗಿ ಇಬ್ಬರ ನಡುವೆ ನಂಬಿಕೆ ಹುಟ್ಟುತ್ತದೆ ನೋಡಿ. ಅಂಥ ಜಾಣ್ಮೆ ಇದ್ದವರಿಗೆ ಇದು ಅಸಾಧ್ಯವಾಗಿರಲಿಲ್ಲ.

ಎರಡು, ಎಮಾ ಕಲನ್. ಗಂಡನನ್ನು ಕಣ್ಣೆದುರೇ ಕಳೆದುಕೊಂಡ ಈ ಹೆಂಗಸೇ ಹೋಗಿ ಬಂದೂಕುಧಾರಿಗಳನ್ನು ಕರೆತರುತ್ತಾಳೆ, ತಾನೂ ಬಂದೂಕು ಹಿಡಿದು ಹೋರಾಡುತ್ತಾಳೆ, ಬೋಗ್‌ನನ್ನು ಕೊನೆಗೆ ಹೊಡೆದುರುಳಿಸುವುದೂ ಅವಳ ಗುಂಡೇ. ‘ಊರಿಗೆ ಮನಸ್ಸಿಲ್ಲ’ ಎಂಬ ಮಾತು ಅವಳೊಬ್ಬಳಿಗೆ ಅನ್ವಯಿಸುವುದಿಲ್ಲ.

ಖಳನಾಯಕನ ವಿಷಯದಲ್ಲಿ ಮಾತ್ರ ಸಮರ್ಥನೆಗೆ ನನ್ನಲ್ಲಿ ಮಾತಿಲ್ಲ. ಈಲೈ ವಾಲಕ್ ಅವರ ಕಾಲ್ವೆರಾ ದೋಚುವವನಾದರೂ ತನ್ನ ಹಸಿದ ಆಳುಗಳ ಹೊಟ್ಟೆಯ ಚಿಂತೆಯಿದ್ದವನು. ಬೋಗ್ ಚರ್ಚಿನೊಳಗೆ ನುಗ್ಗಿ, ಜಮೀನೊಂದಕ್ಕೆ 20 ಡಾಲರ್ ಬೆಲೆ ಕಟ್ಟಿ ಹೊರಡುವ ಮೊದಲ ದೃಶ್ಯದಲ್ಲಿ ನಡುಕ ಹುಟ್ಟಿಸುತ್ತಾನೆ; ಆಮೇಲೆ ಕೊನೆಯ ಕಾಳಗದವರೆಗೆ ಅವನು ಬೆಳೆಯುವುದೇ ಇಲ್ಲ.

ಬಂಡೆಸಾಲು

ನಾನು ರಾಮನಗರದ ಕಡೆಯವನು. ಈ ಕತೆಯ ಇನ್ನೊಂದು ಕವಲು ನಮ್ಮ ಬಂಡೆಗಳ ನಡುವೆಯೇ ಚಿತ್ರೀಕರಣಗೊಂಡಿದ್ದರಿಂದ ಒಂದು ಮಾತು ಸೇರಿಸುತ್ತೇನೆ. ‘ಶೋಲೆ’ (1975) ಯಾವುದರ ನೇರ ರೀಮೇಕ್ ಅಲ್ಲ, ಆದರೆ ಡಕಾಯಿತರ ಕಾಟದಿಂದ ಹಳ್ಳಿಯನ್ನು ಕಾಯಲು ಬಾಡಿಗೆ ಬಂಟರನ್ನು ಕರೆಸುವ ಅದರ ಹಂದರ ಈ ಏಳು ಮಂದಿಯ ಕತೆಗೆ ಋಣಿಯಾಗಿದೆ. ಅಲ್ಲಿ ಏಳು ಮಂದಿ ಇಬ್ಬರಾದರು, ಉಳಿದ ಜಾಗವೆಲ್ಲ ಊರಿಗೆ ಸಿಕ್ಕಿತು.

ಕಪ್ಪುಬಿಳುಪು ಅವರು ಹೇಳಿದ ಕೊರತೆಗೆ ಶೋಲೆಯ ಒಂದು ದೃಶ್ಯವೇ ಉತ್ತರ. ಇಮಾಮ್ ಸಾಹೇಬರ ಮಗನನ್ನು ಗಬ್ಬರ್ ಕೊಂದು, ಹೆಣವನ್ನು ಕುದುರೆಯ ಮೇಲೆ ಹೇರಿ ಊರಿಗೆ ಕಳುಹಿಸುತ್ತಾನೆ. ಈ ಇಬ್ಬರನ್ನು ಒಪ್ಪಿಸಿಬಿಡೋಣ, ಇನ್ನು ತಾಳಲಾರೆವು ಎಂದು ಊರ ಜನ ತಿರುಗಿ ಬೀಳುತ್ತಾರೆ. ಕಣ್ಣು ಕಾಣದ ಆ ಮುದುಕ, ಈ ಊರಿಗಾಗಿ ಬಲಿ ಕೊಡಲು ದೇವರು ನನಗೆ ಇನ್ನಷ್ಟು ಮಕ್ಕಳನ್ನು ಏಕೆ ಕೊಡಲಿಲ್ಲವೆಂದು ಕೇಳುವೆ ಎಂದು ಹೇಳಿ ನಮಾಜಿಗೆ ಹೊರಡುತ್ತಾನೆ. ಕಾಯಲು ಬಂದವರಿಗೂ ಊರಿಗೂ ನಡುವಿನ ಲೆಕ್ಕಾಚಾರವೆಲ್ಲ ಆ ಒಂದು ಮಾತಿನಿಂದ ಬದಲಾಗುತ್ತದೆ. 2016ರ ಚಿತ್ರದಲ್ಲಿ ಒಂದೇ ಸಮನೆ ಗುಂಡು ಸುರಿಸುವ ಗ್ಯಾಟ್ಲಿಂಗ್ ಗನ್ ಊರನ್ನು ಜಾಲಾಡಿ ಎಷ್ಟೋ ಮಂದಿಯನ್ನು ಕೆಡವುತ್ತದೆ. ಬಿದ್ದವರಲ್ಲಿ ಒಬ್ಬನ ಮನೆಯವರ ಮುಖವಾದರೂ ನಮಗೆ ನೆನಪಿದೆಯೇ?

ಕುರೊಸಾವಾ ಇದನ್ನು ಎಷ್ಟು ಸರಳವಾಗಿ ಮಾಡಿದ್ದರು! ನಲವತ್ತು ಡಕಾಯಿತರಿಗೆ ಹಾಳೆಯ ಮೇಲೆ ವೃತ್ತಗಳನ್ನು ಬರೆದು, ಒಬ್ಬೊಬ್ಬ ಸತ್ತಂತೆ ಒಂದೊಂದನ್ನು ಹೊಡೆದು ಹಾಕುವುದನ್ನು ತೋರಿಸುತ್ತಾರೆ. ಹಾಗಾಗಿ ಒಂದೊಂದು ಸಾವೂ ಎಣಿಕೆಗೆ ಬರುತ್ತದೆ. ರೀಮೇಕ್‌ನ ಕೊನೆಯ ಕಾಳಗದಲ್ಲಿ ಬೋಗ್‌ನ ದಂಡು ಎಷ್ಟು ಉಳಿಯಿತು, ಎಷ್ಟು ಅಳಿಯಿತು ಎಂಬುದೇ ತಿಳಿಯದು; ಮೊದಲ ಕಾಳಗದಲ್ಲಿದ್ದ ಹಿಡಿತ ಅಲ್ಲಿ ಸಡಿಲವಾಗುತ್ತದೆ.

ಸಂಗೀತದ ಬಗ್ಗೆಯೂ ಒಂದು ಮಾತು. ಈ ರೀಮೇಕ್‌ನ ಸಂಗೀತ ಸಂಯೋಜಕ ಜೇಮ್ಸ್ ಹಾರ್ನರ್ 2015ರ ಜೂನ್‌ನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಅವರು ಮೊದಲೇ ಬರೆದಿಟ್ಟಿದ್ದ ಸ್ವರಗಳನ್ನು ಆಧರಿಸಿ ಸೈಮನ್ ಫ್ರಾಂಗ್ಲನ್ ಕೆಲಸ ಪೂರೈಸಿದರು. ಕೊನೆಯ ಹೆಸರುಪಟ್ಟಿಯ ಮೇಲೆ ಎಲ್ಮರ್ ಬರ್ನ್‌ಸ್ಟೀನ್ ಅವರ 1960ರ ರಾಗ ಮೊಳಗಿದಾಗ ನನಗೆ ಮೈ ಜುಮ್ಮೆಂದಿತು. ದಯವಿಟ್ಟು ಹೆಸರುಪಟ್ಟಿ ಬರುವಾಗ ದೀಪ ಹಾಕಬೇಡಿ.

ಭಾನುವಾರದ ಪ್ರೇಕ್ಷಕ

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ಹಿರಿಯರಿಗೆ ಇದನ್ನೆಲ್ಲ ಓದಿ ಹೇಳಿದೆ. ನೊಣ ಹಿಡಿಯುವ ದೃಶ್ಯದ ಮಾತು ಬಂದಾಗ ಒಬ್ಬರು ಕೂತಲ್ಲೇ ಕೈ ಬೀಸಿ ತೋರಿಸಿದರು, ಅಲ್ಲಿಗೆ ಒಪ್ಪಿಗೆ ಸಿಕ್ಕಿತು. ಚಿತ್ರಕ್ಕೆ ಮುನ್ನ ಶೋಲೆಯ ಇಮಾಮ್ ಸಾಹೇಬರ ದೃಶ್ಯವನ್ನಷ್ಟೇ ಹಾಕಿ, ಬಳಿಕ ರೀಮೇಕನ್ನು ನಿಲ್ಲಿಸದೆ ಪೂರ್ತಿ ತೋರಿಸುತ್ತೇನೆ. ರೋಸ್ ಕ್ರೀಕ್‌ನ ಜನರಲ್ಲಿ ಎಷ್ಟು ಮಂದಿಯ ಹೆಸರು ನೆನಪಿದೆಯೆಂದು ಕಿರಿಯರನ್ನು ಕೇಳುವುದರಿಂದಲೇ ಚರ್ಚೆ ಆರಂಭಿಸುತ್ತೇನೆ. ಎಮಾಳ ಹೆಸರು ಮೊದಲು ಬರುತ್ತದೆ, ಎರಡನೆಯದು ಯಾರದೆಂದು ಇಲ್ಲಿಯೇ ಬಂದು ಬರೆಯುತ್ತೇನೆ.