ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದೆ, ಫ್ಯಾನ್ ತಿರುಗುತ್ತಿದೆ, ಡಿಸ್‌ಪ್ಲೇ ಮಾತ್ರ ಬರುತ್ತಿಲ್ಲ

ಎಡಿಟ್‌ರೂಮ್_ಶಿವಮೊಗ್ಗ:
ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಮದುವೆ ವಿಡಿಯೊ ಎಡಿಟಿಂಗ್ ಮಾಡುತ್ತೇನೆ. ಇಷ್ಟು ದಿನ ಜಿಟಿಎಕ್ಸ್ 1050 ಟಿಐ ಕಾರ್ಡಿನಲ್ಲೇ ಕೆಲಸ ನಡೆಯುತ್ತಿತ್ತು. ಈಗ ಎಲ್ಲರೂ 4ಕೆಯಲ್ಲೇ ಶೂಟ್ ಮಾಡಿ ಕೊಡುತ್ತಾರೆ, ಎಡಿಟಿಂಗ್ ಸಾಫ್ಟ್‌ವೇರ್ ರಿಸಾಲ್ವ್‌ನಲ್ಲಿ ಟೈಮ್‌ಲೈನ್ ಮುಂದಕ್ಕೇ ಹೋಗುವುದಿಲ್ಲ. ಅದಕ್ಕೇ ದುಡ್ಡು ಕೂಡಿಸಿ, ಮೊನ್ನೆ ಬೆಂಗಳೂರಿಗೆ ಹೋದಾಗ ಎಸ್.ಪಿ. ರೋಡಿನಲ್ಲಿ ಆರ್‌ಟಿಎಕ್ಸ್ 4060 ತಂದೆ.

ಹಳೆಯದನ್ನು ಬಿಚ್ಚಿ ಹೊಸದನ್ನು ಹಾಕಿ ಆನ್ ಮಾಡಿದರೆ ಕಾರ್ಡಿನ ಫ್ಯಾನ್ ತಿರುಗುತ್ತದೆ, ಕೀಬೋರ್ಡ್ ಲೈಟ್ ಬರುತ್ತದೆ, ಮಾನಿಟರ್ ಮಾತ್ರ 'ನೋ ಸಿಗ್ನಲ್' ಅಂತ ತೋರಿಸಿ ಮಲಗಿಬಿಡುತ್ತದೆ. ಮದರ್‌ಬೋರ್ಡ್ ಮೂಲೆಯಲ್ಲಿ ನಾಲ್ಕು ಸಣ್ಣ ಲೈಟ್ ಇವೆ, ಅದರಲ್ಲಿ ವಿಜಿಎ ಅಂತ ಬರೆದಿರುವ ಬಿಳಿ ಲೈಟ್ ಆರುವುದೇ ಇಲ್ಲ. ಹಳೆ ಕಾರ್ಡ್ ವಾಪಸ್ ಹಾಕಿದರೆ ಎಲ್ಲ ಸರಿ.

ಸಿಸ್ಟಮ್ ಹೀಗಿದೆ: ಐ5 12400ಎಫ್, ಬಿ660 ಬೋರ್ಡ್, 16 ಜಿಬಿ ರ‍್ಯಾಮ್, 550 ವ್ಯಾಟ್ ಎಸ್‌ಎಂಪಿಎಸ್ (ಪವರ್ ಸಪ್ಲೈ). ಕ್ಯಾಬಿನೆಟ್ ಒಳಗೆ ಕಾರ್ಡ್ ಗಾಜಿನ ಕಡೆ ಮುಖ ಮಾಡಿ ನಿಲ್ಲುವ ಹಾಗೆ ಮೊದಲಿನಿಂದಲೂ ಜೋಡಿಸಿದ್ದೇನೆ, ಈಗಲೂ ಹಾಗೇ ಇದೆ. ಅಂಗಡಿಯವರು ಏಳು ದಿನದೊಳಗೆ ತಂದರೆ ಬದಲಿಸಿ ಕೊಡುತ್ತೇವೆ ಅಂದಿದ್ದಾರೆ, ಮೂರು ದಿನ ಆಯಿತು. ಶನಿವಾರ ಒಂದು ಮದುವೆಯ ಫೈಲ್ ಕೊಡಲೇಬೇಕು. ಕಾರ್ಡೇ ಕೆಟ್ಟಿದೆಯಾ, ನಾನೇ ಏನಾದರೂ ತಪ್ಪು ಮಾಡಿದ್ದೇನಾ?

ಸ್ಕ್ರೂಡ್ರೈವರ್:
ವಾಪಸ್ ಕೊಡುವ ಯೋಚನೆ ಈಗಲೇ ಬೇಡ. ಮೊದಲು ಪವರ್ ನೋಡಿ. ನಿಮ್ಮ ಹಳೆ 1050 ಟಿಐ ಬಹುಶಃ ಸ್ಲಾಟ್ ಕೊಡುವ 75 ವ್ಯಾಟ್‌ನಲ್ಲೇ ಓಡುತ್ತಿತ್ತು, ಹೆಚ್ಚಿನವಕ್ಕೆ ಬೇರೆ ವೈರ್ ಬೇಕಿರಲಿಲ್ಲ. 4060ಗೆ 115 ವ್ಯಾಟ್ ಬೇಕು, ಹಾಗಾಗಿ ಎಸ್‌ಎಂಪಿಎಸ್‌ನಿಂದ 8 ಪಿನ್ ಕೇಬಲ್ ಹಾಕಲೇಬೇಕು. ಇಲ್ಲಿ ಸುಮಾರು ಜನ ತಪ್ಪು ಮಾಡುತ್ತಾರೆ, ಯಾಕೆಂದರೆ ಸಿಪಿಯು ಕೇಬಲ್ಲೂ 8 ಪಿನ್, ಗ್ರಾಫಿಕ್ಸ್ ಕೇಬಲ್ಲೂ 8 ಪಿನ್. ಹಿಡಿದು ನೋಡಿದರೆ ಗೊತ್ತಾಗುತ್ತದೆ: ಸಿಪಿಯುದು ಸಾಮಾನ್ಯವಾಗಿ ನಾಲ್ಕು-ನಾಲ್ಕಾಗಿ ಬಿಡಿಸಿಕೊಳ್ಳುತ್ತದೆ, ಗ್ರಾಫಿಕ್ಸ್‌ದು ಆರು-ಎರಡಾಗಿ. ಆ ಎರಡು ಪಿನ್ನಿನ ಸಣ್ಣ ತುಂಡು ಅರ್ಧ ಕೂತು ನಿಂತರೂ ಹೀಗೇ ಆಗಬಹುದು. ಬೆರಳಿನಿಂದ ಒತ್ತಿ, ಟಿಕ್ ಅಂತ ಲಾಕ್ ಬೀಳಬೇಕು. ಹಾರ್ಡ್‌ಡಿಸ್ಕ್ ವೈರಿನಿಂದ ಪವರ್ ಎಳೆಯುವ ಅಡಾಪ್ಟರ್ ಮಾತ್ರ ಹಾಕಬೇಡಿ, ಬಿಸಿಯಾಗಿ ಸುಟ್ಟುಹೋಗಿದ್ದನ್ನು ಕಣ್ಣಾರೆ ನೋಡಿದ್ದೇನೆ.

ಇನ್ನೊಂದು, ಎಚ್‌ಡಿಎಂಐ ಕೇಬಲ್ ಕಾರ್ಡಿಗೇ ಹಾಕಿದ್ದೀರಾ? 12400ಎಫ್‌ನಲ್ಲಿ 'ಎಫ್' ಇದೆಯಲ್ಲ, ಅಂದರೆ ಪ್ರೊಸೆಸರ್ ಒಳಗೆ ಗ್ರಾಫಿಕ್ಸ್ ಇಲ್ಲ. ಮದರ್‌ಬೋರ್ಡಿನ ಎಚ್‌ಡಿಎಂಐ ಪೋರ್ಟ್‌ನಿಂದ ನಿಮಗೆ ಏನೂ ಬರುವುದಿಲ್ಲ.

ಕರಾವಳಿ_ಪಿಸಿ:
ಮಂಗಳೂರಿನಿಂದ ನನ್ನ ಅನುಭವ ಹೇಳುತ್ತೇನೆ. ಇಲ್ಲಿ ಮಳೆಗಾಲದಲ್ಲಿ ತೇವಕ್ಕೆ ರ‍್ಯಾಮ್ ಪಿನ್ ಮೇಲೆ ಪಸೆ ಕೂರುತ್ತದೆ, ಡಿಸ್‌ಪ್ಲೇ ಹೋಗುತ್ತದೆ. ರ‍್ಯಾಮ್ ತೆಗೆದು ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ ಹಾಕಿ ನೋಡಿ. ಕಾರ್ಡಿನ ಪಿನ್ನೂ ಹಾಗೇ ಮಾಡಬಹುದು.

ಅದರಿಂದಲೂ ಆಗದಿದ್ದರೆ ಬಯಾಸ್ (ಬೋರ್ಡಿನ ಮೂಲ ಸೆಟ್ಟಿಂಗ್) ರೀಸೆಟ್ ಮಾಡಿ. ಪವರ್ ಕೇಬಲ್ ಕಿತ್ತು, ಬೋರ್ಡಿನ ಮೇಲಿರುವ ಬಟನ್ ಸೆಲ್ ತೆಗೆದು ಐದು ನಿಮಿಷ ಬಿಟ್ಟು ಹಾಕಿ.

ಸ್ಕ್ರೂಡ್ರೈವರ್:
@ಕರಾವಳಿ_ಪಿಸಿ ಹಳೆ ರ‍್ಯಾಮಿಗೆ ರಬ್ಬರ್ ಸರಿ, ಹೊಸ ಕಾರ್ಡಿಗೆ ಬೇಡ ಅಣ್ಣ. ಪ್ಯಾಕೆಟ್‌ನಿಂದ ಈಗ ತಾನೇ ತೆಗೆದ ಪಿನ್ ಮೇಲೆ ಏನೂ ಕೂತಿರುವುದಿಲ್ಲ, ಉಜ್ಜಿದ ಗುರುತು ಕಂಡರೆ ಅಂಗಡಿಯವರು ಬದಲಿಸಿ ಕೊಡುವಾಗ ತಕರಾರು ತೆಗೆಯಬಹುದು.

ಎಡಿಟ್‌ರೂಮ್_ಶಿವಮೊಗ್ಗ:
ಇಬ್ಬರಿಗೂ ಥ್ಯಾಂಕ್ಸ್. ರಾತ್ರಿ ಕೂತು ಎಲ್ಲ ಮಾಡಿದೆ. ಕೇಬಲ್ ಆರು-ಎರಡರದ್ದೇ, ಲಾಕ್ ಬಿದ್ದಿದೆ. ಎಚ್‌ಡಿಎಂಐ ಕಾರ್ಡಿಗೇ ಹಾಕಿದ್ದೇನೆ, ಡಿಸ್‌ಪ್ಲೇಪೋರ್ಟ್‌ನಲ್ಲೂ ನೋಡಿದೆ, ಮಾನಿಟರ್ ಮೆನುವಿನಲ್ಲಿ ಇನ್‌ಪುಟ್ ಕೈಯಾರೆ ಆರಿಸಿ ನೋಡಿದೆ. ರ‍್ಯಾಮ್ ಒಂದೊಂದೇ ಹಾಕಿ ನೋಡಿದೆ. ಸೆಲ್ ತೆಗೆದು ಹಾಕಿದೆ. ವಿಜಿಎ ಲೈಟ್ ಹಾಗೇ ಉರಿಯುತ್ತಿದೆ. ನನಗನಿಸುತ್ತದೆ ಕಾರ್ಡೇ ಸತ್ತಿದೆ, ನಾಳೆ ಬೆಳಗ್ಗೆ ಟ್ರೈನಿಗೆ ಹೋಗಿ ಕೊಟ್ಟು ಬರಲಾ ಅಂತ ಯೋಚಿಸುತ್ತಿದ್ದೇನೆ.

ಹಳೇಬೋರ್ಡ್:
ಟ್ರೈನ್ ಹತ್ತುವ ಮೊದಲು ಹತ್ತು ನಿಮಿಷ ಕೊಡಿ. ಮೊದಲ ಪೋಸ್ಟಿನಲ್ಲಿ ಕಾರ್ಡ್ ಗಾಜಿನ ಕಡೆ ಮುಖ ಮಾಡಿ ನಿಂತಿದೆ ಅಂದಿದ್ದೀರಿ. ಹಾಗಾದರೆ ಕಾರ್ಡ್ ನೇರವಾಗಿ ಸ್ಲಾಟಿನಲ್ಲಿಲ್ಲ, ನಡುವೆ ಒಂದು ಚಪ್ಪಟೆ ಕಪ್ಪು ಕೇಬಲ್ ಇದೆ, ರೈಸರ್ ಕೇಬಲ್. ಅದು ಯಾವ ಕಾಲದ್ದು? ಹಳೆ ಕಾರ್ಡಿನ ಜೊತೆಗೇ ತಂದಿದ್ದಾದರೆ ಅದು ಪಿಸಿಐ ಎಕ್ಸ್‌ಪ್ರೆಸ್ (ಬೋರ್ಡ್ ಮತ್ತು ಕಾರ್ಡ್ ನಡುವೆ ಡೇಟಾ ಓಡಾಡುವ ದಾರಿ) 3.0ದಾಗಿರುವ ಸಾಧ್ಯತೆ ಜಾಸ್ತಿ. ನನ್ನ ಅನುಮಾನ ಪೂರ್ತಿ ಅದರ ಮೇಲೇ.

ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಇದು ಅರ್ಥವಾದರೆ ಮುಂದೆ ಎಷ್ಟೋ ಕಡೆ ಉಪಯೋಗಕ್ಕೆ ಬರುತ್ತದೆ. 1050 ಟಿಐ 3.0 ಕಾರ್ಡ್, ಪ್ರತಿ ಲೇನ್‌ನಲ್ಲಿ, ಅಂದರೆ ಆ ದಾರಿಯ ಒಂದೊಂದು ಸಾಲಿನಲ್ಲಿ, ವೇಗ ಸೆಕೆಂಡಿಗೆ 8 ಗಿಗಾಟ್ರಾನ್ಸ್‌ಫರ್. 4060 ಬಂದಿರುವುದು 4.0ದಲ್ಲಿ, ಅಲ್ಲಿ ವೇಗ ಎರಡರಷ್ಟು, 16. ಆನ್ ಮಾಡಿದ ಕೂಡಲೇ ಬೋರ್ಡ್ ಮತ್ತು ಕಾರ್ಡ್ ಎರಡೂ 'ನಿನಗೆಷ್ಟು ವೇಗ ಆಗುತ್ತದೆ' ಅಂತ ಪರಸ್ಪರ ಕೇಳಿಕೊಂಡು ಒಂದು ವೇಗಕ್ಕೆ ಒಪ್ಪುತ್ತವೆ. ಈ ಮಾತುಕತೆಯಲ್ಲಿ ಕೇಬಲ್‌ಗೆ ಬಾಯಿಯಿಲ್ಲ. ಅದು ಬರೀ ತಂತಿ. ಎರಡು ಕಡೆಯವರೂ 4.0ಗೆ ಹೂಂ ಅನ್ನುತ್ತಾರೆ, ಸಿಗ್ನಲ್ ದಾರಿಯಲ್ಲೇ ಕೆಡುತ್ತದೆ. ಎಷ್ಟೋ ಸಲ ತಾನೇ ಕಡಿಮೆ ವೇಗಕ್ಕೆ ಇಳಿದು ನಡೆಯುತ್ತದೆ, ಕೆಲವು ಸಲ ಇಳಿಯುವುದೇ ಇಲ್ಲ, ಆಗ ಡಿಸ್‌ಪ್ಲೇ ಇಲ್ಲ. ನೀವು ಶಿವಮೊಗ್ಗದವರು, ಆಗುಂಬೆ ಘಾಟಿ ನೋಡಿರುತ್ತೀರಿ. ಮಿನಿ ಬಸ್ಸು ಆರಾಮಾಗಿ ಇಳಿಯುತ್ತದೆ, ದೊಡ್ಡ ಲಾರಿಯನ್ನು ಆ ತಿರುವುಗಳಲ್ಲಿ ಬಿಡುವುದಿಲ್ಲ. ರಸ್ತೆ ಕೆಟ್ಟಿಲ್ಲ, ಲಾರಿಯೂ ಕೆಟ್ಟಿಲ್ಲ. ಹಳೆ ಕಾರ್ಡ್ ಅದೇ ಕೇಬಲ್‌ನಲ್ಲಿ ಚೆನ್ನಾಗಿ ನಡೆಯುತ್ತದೆ ಅನ್ನುವುದಕ್ಕೇ ಎಲ್ಲರೂ ಹೊಸ ಕಾರ್ಡನ್ನು ಅನುಮಾನಿಸುತ್ತಾರೆ.

ಮಾಡಬೇಕಾದ್ದು ಇಷ್ಟೇ. ಪವರ್ ತೆಗೆಯಿರಿ, ರೈಸರ್ ಕಿತ್ತು ಪಕ್ಕಕ್ಕಿಡಿ, ಕಾರ್ಡನ್ನು ಬೋರ್ಡಿನ ಮೇಲಿನ ಉದ್ದ ಸ್ಲಾಟಿಗೆ ನೇರ ಕೂರಿಸಿ. ಗಾಜಿನ ಬಾಗಿಲು ತೆಗೆದೇ ಇರಲಿ, ನೋಡಿದರೆ ಸಾಕು.

ಎಡಿಟ್‌ರೂಮ್_ಶಿವಮೊಗ್ಗ:
ಬಂತು!!! ಬೋರ್ಡ್ ಲೋಗೊ ಬಂತು, ವಿಂಡೋಸ್ ಬಂತು, ಡ್ರೈವರ್ ಇನ್‌ಸ್ಟಾಲ್ ಆಗುತ್ತಿದೆ. ಅಮ್ಮ ಮೊಬೈಲ್ ಟಾರ್ಚ್ ಹಿಡಿದು ನಿಂತಿದ್ದರು, ಕಾರ್ಡ್ ಕೂತ ತಕ್ಷಣ ಸ್ಲಾಟಿನ ತುದಿಯ ಕ್ಲಿಪ್ ಟಕ್ ಅಂತು, ಪವರ್ ಒತ್ತಿದೆ, ಆ ಬಿಳಿ ಲೈಟ್ ಎರಡು ಸೆಕೆಂಡ್ ಉರಿದು ಆರಿಹೋಯಿತು. ಮೂರು ದಿನದಿಂದ ಅದು ಆರುವುದನ್ನೇ ಕಾಯುತ್ತಿದ್ದೆ. ರೈಸರ್ ತಂದು ಐದು ವರ್ಷದ ಮೇಲಾಯಿತು, ಹಳೆ ಕ್ಯಾಬಿನೆಟ್‌ನಿಂದ ಇದಕ್ಕೆ ಬದಲಾಯಿಸಿಕೊಂಡಿದ್ದೆ. ಅದರ ಬಗ್ಗೆ ತಲೆಗೇ ಹೊಳೆದಿರಲಿಲ್ಲ.

@ಹಳೇಬೋರ್ಡ್ ಅಣ್ಣ, ನಿಮ್ಮಿಂದ ಒಂದು ದಿನದ ಪ್ರಯಾಣ ಉಳಿಯಿತು. ಒಂದೇ ಒಂದು ಡೌಟು. ಕಾರ್ಡ್ ಮೊದಲಿನ ಹಾಗೆ ಗಾಜಿನ ಕಡೆಗೇ ನಿಲ್ಲಿಸಬೇಕು ಅಂದರೆ ಏನು ಮಾಡಬೇಕು? ಬಯಾಸ್‌ನಲ್ಲಿ ಸ್ಲಾಟ್ ವೇಗ ಜೆನ್ 3ಕ್ಕೆ, ಅಂದರೆ 3.0ಕ್ಕೆ, ಇಡಬಹುದು ಅಂತ ಒಂದು ಕಡೆ ಓದಿದೆ.

ಹಳೇಬೋರ್ಡ್:
ಇಡಬಹುದು. ಈಗ ಕಾರ್ಡ್ ನೇರ ಕೂತಿರುವಾಗಲೇ ಬಯಾಸ್‌ಗೆ ಹೋಗಿ, ಪಿಸಿಐಇ ಸ್ಲಾಟ್ 'ಆಟೊ' ಅಂತ ಇರುವುದನ್ನು 'ಜೆನ್ 3' ಮಾಡಿ ಸೇವ್ ಮಾಡಿ, ಆಮೇಲೆ ಆಫ್ ಮಾಡಿ ರೈಸರ್ ಹಾಕಿ. ಡಿಸ್‌ಪ್ಲೇ ಬರುತ್ತದೆ. ಆದರೆ ನಿಮ್ಮ ಕೆಲಸ ನೋಡಿದರೆ ನಾನು ಹಾಗೆ ಮಾಡಿ ಅನ್ನುವುದಿಲ್ಲ.

4060 ಉಪಯೋಗಿಸುವುದು 8 ಲೇನ್ ಮಾತ್ರ, ಸ್ಲಾಟ್ 16ರದ್ದಾದರೂ. ಜೆನ್ 4ರಲ್ಲಿ ಅದಕ್ಕೆ ಸೆಕೆಂಡಿಗೆ ಸುಮಾರು 16 ಜಿಬಿ ದಾರಿ ಸಿಗುತ್ತದೆ, ಜೆನ್ 3ರಲ್ಲಿ ಅದರ ಅರ್ಧ. ಕಾರ್ಡಿನ 8 ಜಿಬಿ ಮೆಮೊರಿ ತುಂಬುವ ತನಕ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ. 4ಕೆ ಟೈಮ್‌ಲೈನ್ ಮೇಲೆ ನಾಯ್ಸ್ ರಿಡಕ್ಷನ್ ಹಾಕಿದಿರೋ, ತುಂಬುತ್ತದೆ. ಆಗ ಎಲ್ಲವೂ ಆ ದಾರಿಯಲ್ಲೇ ಓಡಾಡಬೇಕು.

ಇನ್ನೊಂದು ಕಾರಣವೂ ಇದೆ. ಜೆನ್ 3 ಅಂತ ನೀವು ಇಟ್ಟಿದ್ದು ಬಯಾಸ್ ಅಪ್‌ಡೇಟ್ ಮಾಡಿದರೆ ಅಥವಾ ನೀವೇ ಮಾಡಿದ ಹಾಗೆ ಸೆಲ್ ತೆಗೆದು ರೀಸೆಟ್ ಮಾಡಿದರೆ 'ಆಟೊ'ಗೆ ವಾಪಸ್ ಹೋಗುತ್ತದೆ. ಎರಡು ವರ್ಷ ಬಿಟ್ಟು ಸೀಸನ್ ಮಧ್ಯೆ ಮತ್ತೆ ಇದೇ ಕಪ್ಪು ಪರದೆ, ಆಗ ಕಾರಣ ನೆನಪಿರುವುದಿಲ್ಲ. ನಿಲ್ಲಿಸಲೇಬೇಕು ಅಂದರೆ 4.0 ರೈಸರ್ ಅಂತ ಸ್ಪಷ್ಟವಾಗಿ ಬರೆದಿರುವುದನ್ನೇ ತನ್ನಿ. ಗಾಜಿಗೆ ತೀರಾ ಹತ್ತಿರ ಬಂದರೆ ಫ್ಯಾನಿಗೆ ಗಾಳಿ ಸಾಲುವುದಿಲ್ಲ, ಅದನ್ನೂ ನೋಡಿಕೊಳ್ಳಿ.

ಕರಾವಳಿ_ಪಿಸಿ:
ಇದು ನನಗೂ ಗೊತ್ತಿರಲಿಲ್ಲ. ನನ್ನ ತಮ್ಮನ ಕ್ಯಾಬಿನೆಟ್‌ನಲ್ಲೂ ರೈಸರ್ ಇದೆ, ಆಟದ ಮಧ್ಯೆ ಸುಮ್ನೆ ಪರದೆ ಕಪ್ಪಾಗುತ್ತದೆ ಅಂತ ಹೇಳುತ್ತಲೇ ಇದ್ದ. ಭಾನುವಾರ ತೆಗೆದು ನೇರ ಹಾಕಿ ನೋಡುತ್ತೇನೆ.

ಎಡಿಟ್‌ರೂಮ್_ಶಿವಮೊಗ್ಗ:
ನೇರವಾಗೇ ಬಿಟ್ಟಿದ್ದೇನೆ, ರೈಸರನ್ನು ಕಾರ್ಡಿನ ಡಬ್ಬದೊಳಗೆ ಇಟ್ಟು ಮೇಲೆ '3.0' ಅಂತ ಮಾರ್ಕರ್‌ನಲ್ಲಿ ಬರೆದೆ. ಮದುವೆ ಫೈಲ್ ಎಕ್ಸ್‌ಪೋರ್ಟಿಗೆ ಹಾಕಿದ್ದೇನೆ. ಹಳೆ ಕಾರ್ಡಿನಲ್ಲಿ ರಾತ್ರಿಯಿಡೀ ಬಿಟ್ಟು ಮಲಗುತ್ತಿದ್ದೆ, ಈಗ ಊಟ ಮಾಡಿ ಬರುವಷ್ಟರಲ್ಲಿ ಅರ್ಧ ದಾಟಿದೆ.