ಚಿನ್ನದ ಡೈವ್ ವಾಚು: ಪುಟ್ಟನಿಗೂ ದೊಡ್ಡಣ್ಣನಿಗೂ

ಪುಟ್ಟ, ನೀನು ಬೆಳಿಗ್ಗೆ ನಮ್ಮ ಮನೆಯ ಗ್ರೂಪಿನಲ್ಲಿ ಹಾಕಿದ ಫೋಟೋ ಈಗ ನೋಡಿದೆ. ಚಿನ್ನದ ಬಣ್ಣದ ಜಪಾನಿ ಡೈವ್ ವಾಚು, ಅಂದರೆ ಸಮುದ್ರದಲ್ಲಿ ಮುಳುಗುವವರು ಕಟ್ಟುವ ವಾಚು, ಲಿಮಿಟೆಡ್ ಎಡಿಷನ್. "ಮದುವೆಗೆ ಭಾವನಿಗೆ ಇದನ್ನೇ ಕೊಡೋಣ, ಚಿನ್ನದ್ದು, ಮುಂದೆ ಬೆಲೆ ಏರುತ್ತೆ" ಅಂತ ಬರೆದಿದ್ದೀಯ. ದೊಡ್ಡಣ್ಣ ಅದರ ಕೆಳಗೆ "ಎಷ್ಟು ಗ್ರಾಂ ಇದೆ?" ಅಂತ ಕೇಳಿದ್ದಾರೆ. ಯಾರೂ ಉತ್ತರ ಕೊಟ್ಟಿಲ್ಲ. ನಾನು ತುಮಕೂರಿನ ಎಚ್‌ಎಂಟಿ ಕಾರ್ಖಾನೆಯಲ್ಲಿ ವಾಚು ಜೋಡಿಸುತ್ತಿದ್ದವಳು, ನಾನೇ ಹೇಳಬೇಕು. ಉದ್ದ ಆಗುತ್ತದೆ, ಪೂರ್ತಿ ಕೇಳಿ.

ದೊಡ್ಡಣ್ಣ, ಅದರಲ್ಲಿ ತೂಕಕ್ಕೆ ಬರುವ ಚಿನ್ನ ಇಲ್ಲ. ಪುಟ್ಟ, ನೀನು ಹಾಕಿದ ಫೋಟೋವನ್ನೇ ದೊಡ್ಡದು ಮಾಡಿ ನೋಡು. ಕೆಳಗೆ ಸಣ್ಣ ಅಕ್ಷರದಲ್ಲಿ ಟೈಟೇನಿಯಂ ಕೇಸ್, ಗೋಲ್ಡ್ ಕಲರ್ ಐಪಿ ಕೋಟಿಂಗ್, 200 ಮೀಟರ್ ಅಂತ ಇದೆ. ಐಪಿ ಅಂದರೆ ಲೋಹದ ಮೇಲೆ ಕೂರಿಸುವ ತೆಳುವಾದ, ಗಟ್ಟಿಯಾದ ಪದರ. ಇಂಥ ಹಳದಿ ಕೋಟಿಂಗು ಸಾಮಾನ್ಯವಾಗಿ ಟೈಟೇನಿಯಂ ನೈಟ್ರೈಡ್. ಹಾರ್ಡ್‌ವೇರ್ ಅಂಗಡಿಯಲ್ಲಿ ಹಳದಿಯಾಗಿ ಹೊಳೆಯುವ ಡ್ರಿಲ್ ಬಿಟ್ ನೋಡಿದ್ದೀಯಲ್ಲ, ಅದರ ಮೇಲಿರುವುದೂ ಇದೇ. ಬಣ್ಣ ಚಿನ್ನದ್ದು, ಒಳಗೆ ಚಿನ್ನದ ಸುಳಿವೂ ಇಲ್ಲ. ಕೆಲವು ಕಂಪನಿಗಳು ಬಣ್ಣ ಚೆನ್ನಾಗಿ ಬರಲಿ ಅಂತ ಮೇಲೆ ತೆಳುವಾಗಿ ನಿಜವಾದ ಚಿನ್ನ ಸೇರಿಸುತ್ತವೆ. ಅದನ್ನು ಕರಗಿಸಿ ತೆಗೆಯಲಾಗುವುದಿಲ್ಲ, ಯಾವ ಅಂಗಡಿಯವರೂ ಅದಕ್ಕೆ ಬೆಲೆ ಕಟ್ಟುವುದಿಲ್ಲ.

ಹಾಗಂತ ಅದು ಕಳಪೆ ಅಂತ ಯಾರೂ ತಿಳಿಯಬೇಡಿ. ನನಗೆ ಆ ವಾಚು ತುಂಬಾ ಹಿಡಿಸಿತು. ಇಂಥ ಚಿನ್ನದ ಬಣ್ಣದ ಡೈವ್ ವಾಚಿನ ಹಿಂದೆ ಒಂದು ಒಳ್ಳೆಯ ಕಥೆ ಇದೆ. 1968ರಲ್ಲಿ ಜಪಾನಿನ ಕುರೆ ಊರಿನ ಒಬ್ಬ ಮುಳುಗುಗಾರ ಸೀಕೋ ಕಂಪನಿಗೆ ಕಾಗದ ಬರೆದ. ನಾವು ಸಮುದ್ರದಾಳದಲ್ಲಿ ಮಾಡುವ ಕೆಲಸಕ್ಕೆ ನಿಮ್ಮ ವಾಚು ತಡೆಯುತ್ತಿಲ್ಲ ಅಂತ. ಆಳದಲ್ಲಿ ದಿನಗಟ್ಟಲೆ ಇರುವವರು ಹೀಲಿಯಂ ಬೆರೆಸಿದ ಗಾಳಿ ಉಸಿರಾಡುತ್ತಾರೆ. ಹೀಲಿಯಂ ಎಷ್ಟು ಸಣ್ಣ ಸಂದಿ ಇದ್ದರೂ ವಾಚಿನ ಒಳಗೆ ನುಗ್ಗುತ್ತದೆ. ಮೇಲೆ ಬರುವಾಗ ಹೊರಗಿನ ಒತ್ತಡ ಇಳಿದು, ಒಳಗಿರುವ ಹೀಲಿಯಂ ಗ್ಲಾಸನ್ನೇ ಎಗರಿಸಿಬಿಡಬಹುದು. ಕಂಪನಿಯವರು ಆ ಕಾಗದವನ್ನು ಕಸದ ಬುಟ್ಟಿಗೆ ಹಾಕಲಿಲ್ಲ. ಏಳು ವರ್ಷ ಅದರ ಮೇಲೆ ಕೆಲಸ ಮಾಡಿ 1975ರಲ್ಲಿ ಟೈಟೇನಿಯಂ ಕೇಸಿನ 600 ಮೀಟರ್ ವಾಚು ತಂದರು. 1978ರಲ್ಲಿ ಅದರ ಬ್ಯಾಟರಿ ವಾಚು ಬಂತು, ಚಿನ್ನದ ಬಣ್ಣದ ಕೋಟಿಂಗ್ ಹಾಕಿದ್ದು. ಅದಕ್ಕೆ 40 ವರ್ಷ ತುಂಬಿದಾಗ, 2018ರಲ್ಲಿ, ಅದೇ ರೂಪದಲ್ಲಿ 1978 ವಾಚುಗಳನ್ನು ಮಾತ್ರ ಮಾಡಿದರು. ಒಬ್ಬ ಕೆಲಸಗಾರನ ದೂರಿಗೆ ಇಷ್ಟು ಬೆಲೆ ಕೊಟ್ಟರಲ್ಲ, ಕಾರ್ಖಾನೆಯಲ್ಲಿ ಕೂತು ಕೆಲಸ ಮಾಡಿದವಳಿಗೆ ಅದು ದೊಡ್ಡ ವಿಷಯ. ನಮ್ಮ ಎಚ್‌ಎಂಟಿಗೆ 1961ರಲ್ಲಿ ವಾಚಿನ ಕೆಲಸ ಕಲಿಸಿದವರೂ ಜಪಾನಿನ ಸಿಟಿಜನ್‌ನವರೇ.

ನಮ್ಮ ಕಾಂಚನ ವಾಚು ನೆನಪಿದೆಯಾ ಅಕ್ಕ? ಮದುವೆ ಗಂಡಿಗೆ ಕೊಡುವ ವಾಚು ಅಂತಲೇ ಅದು ಹೆಸರಾಗಿತ್ತು. ಅದರ ಮೇಲಿದ್ದದ್ದು ಚಿನ್ನದ ಗಿಲೀಟು, ಎಲ್ಲರಿಗೂ ಅದು ಗೊತ್ತಿತ್ತು. ಬೆವರಿಗೆ ಅಂಚು ಸವೆದು ಒಳಗಿನ ಲೋಹ ಕಾಣುತ್ತಿತ್ತು. ಈ ಹೊಸ ಕೋಟಿಂಗು ಹಾಗಲ್ಲ, ಸ್ಟೀಲಿಗಿಂತ ಬಹಳ ಗಟ್ಟಿ. ಆದರೆ ಕಲ್ಲಿಗೆ ಜೋರಾಗಿ ತಾಗಿ ಆಳದ ಗೀರು ಬಿದ್ದರೆ ಬೂದು ಬಣ್ಣ ಕಾಣುತ್ತದೆ. ಪಾಲಿಶ್ ಮಾಡಿ ಸರಿಮಾಡಲು ಬರುವುದಿಲ್ಲ.

ನಿಜವಾದ ಚಿನ್ನದ ಡೈವ್ ವಾಚೂ ಇವೆ. ರೋಲೆಕ್ಸ್‌ನವರು 1969ರಲ್ಲೇ ಚಿನ್ನದ ಸಬ್‌ಮರೀನರ್ ತಂದರು. ಉಪ್ಪುನೀರು ಚಿನ್ನವನ್ನು ತಿನ್ನುವುದಿಲ್ಲ, ಅದು ನಿಜ. ಆದರೆ 18 ಕ್ಯಾರೆಟ್ ಅಂದರೂ ಮುಕ್ಕಾಲು ಪಾಲು ಚಿನ್ನ. ಅದೇ ಅಳತೆಯ ಸ್ಟೀಲ್ ಕೇಸಿಗಿಂತ ಹೆಚ್ಚುಕಡಿಮೆ ಎರಡರಷ್ಟು ಭಾರ, ಗೀರೂ ಬೇಗ ಬೀಳುತ್ತದೆ. ಅದು ನಮಗೆ ಬೇಡ, ಆ ದುಡ್ಡಿಗೆ ಮದುವೆಯನ್ನೇ ಮುಗಿಸಬಹುದು. ಇನ್ನೊಂದು ವಿಷಯ. 2021ರಲ್ಲಿ ಸರ್ಕಾರ ಒಡವೆಗೆ ಹಾಲ್‌ಮಾರ್ಕ್ ಕಡ್ಡಾಯ ಮಾಡಿದಾಗ ವಾಚುಗಳನ್ನು ಬಿಟ್ಟಿತು. ಹಾಗಾಗಿ ವಾಚಿಗೆ ನಮ್ಮ ಹಾಲ್‌ಮಾರ್ಕ್ ನಂಬರ್ ಹುಡುಕಿ ಪ್ರಯೋಜನವಿಲ್ಲ. 18 ಕ್ಯಾರೆಟ್‌ನ ಸ್ವಿಸ್ ಚಿನ್ನದ ವಾಚಾದರೆ, ಸಾವಿರಕ್ಕೆ 750 ಪಾಲು ಚಿನ್ನ ಅಂತ ಹೇಳುವ 750 ಅಂಕಿಯ ಜೊತೆ ಸೇಂಟ್ ಬರ್ನಾರ್ಡ್ ನಾಯಿಯ ತಲೆಯ ಸಣ್ಣ ಗುರುತು ಇರುತ್ತದೆ. ನೀನು ತೋರಿಸಿದ್ದರಲ್ಲಿ ಇದ್ಯಾವುದೂ ಇಲ್ಲ.

ಅಳಿಯ ಕಾರವಾರದ ಕಡೆ ಕೆಲಸದಲ್ಲಿದ್ದಾನೆ, ನೇತ್ರಾಣಿ ದ್ವೀಪದ ಹತ್ತಿರ ಸ್ಕೂಬಾ ಮಾಡುತ್ತಾನೆ ಅಂತ ನೀನೇ ಹೇಳಿದೆ. ಹಾಗಾದರೆ ಈ ವಾಚು ಅವನಿಗೆ ಸರಿಯಾದದ್ದೇ. ಹವ್ಯಾಸಕ್ಕೆ ಇಳಿಯುವವರು 40 ಮೀಟರ್ ದಾಟುವುದಿಲ್ಲ, 200 ಧಾರಾಳ ಸಾಕು. ಗ್ಲಾಸಿನ ಸುತ್ತ ಇರುವ ಬೆಜೆಲ್ ಒಂದೇ ಕಡೆ, ಎಡಕ್ಕೆ ಮಾತ್ರ ತಿರುಗಬೇಕು. ನೀರಿಗೆ ಇಳಿಯುವಾಗ ಅದರ ತ್ರಿಕೋನವನ್ನು ನಿಮಿಷದ ಮುಳ್ಳಿಗೆ ಹೊಂದಿಸುತ್ತಾರೆ. ಯಾವುದಕ್ಕಾದರೂ ತಾಗಿ ತಿರುಗಿದರೂ ಕಳೆದ ಸಮಯ ಜಾಸ್ತಿ ತೋರಿಸುತ್ತದೆಯೇ ಹೊರತು ಕಡಿಮೆ ತೋರಿಸುವುದಿಲ್ಲ. ಅಂದರೆ ಅವನು ಬೇಗ ಮೇಲೆ ಬರುತ್ತಾನೆ. ಜೀವ ಉಳಿಸುವ ಯೋಚನೆ ಅದು. ಪಕ್ಕದಲ್ಲಿರುವ ಕೀ ತಿರುಪು ಹಾಕಿ ಮುಚ್ಚುವಂಥದ್ದಾಗಿರಬೇಕು. ವಿವರದಲ್ಲಿ ಐಎಸ್‌ಒ 6425 ಅಂತ ಇದೆಯಾ ನೋಡು, ಅದು ಡೈವ್ ವಾಚಿಗೆ ಇರುವ ಅಂತರರಾಷ್ಟ್ರೀಯ ಮಾನದಂಡ. ಇದ್ದರೆ ಒಂದೊಂದು ವಾಚನ್ನೂ ಬರೆದ ಆಳಕ್ಕಿಂತ ಕಾಲು ಭಾಗ ಹೆಚ್ಚಿನ ಒತ್ತಡದಲ್ಲಿ ಪರೀಕ್ಷೆ ಮಾಡಿರುತ್ತಾರೆ. ಬ್ಯಾಟರಿ ಬದಲಿಸಬೇಕಾದರೆ ಬಸ್ ಸ್ಟ್ಯಾಂಡ್ ಹತ್ತಿರ ಕೊಡಬೇಡ ಅಂತ ಅವನಿಗೆ ಹೇಳು. ಮುಚ್ಚಳ ಬಿಚ್ಚಿದ ಮೇಲೆ ಒಳಗಿನ ರಬ್ಬರ್ ರಿಂಗ್ ನೋಡಿ, ನೀರಿನ ಪರೀಕ್ಷೆ ಮತ್ತೆ ಮಾಡಿಸಲೇಬೇಕು.

ಬೆಲೆ ಏರುತ್ತೆ ಅನ್ನುವ ಮಾತು ಬಿಡು. ಲಿಮಿಟೆಡ್ ಎಡಿಷನ್ ಅಂತ ಹಿಂದಿನ ಮುಚ್ಚಳದ ಮೇಲೆ ನಂಬರ್ ಹಾಕಿದ ಮಾತ್ರಕ್ಕೆ ಯಾವ ವಾಚಿನ ಬೆಲೆಯೂ ಏರುವುದಿಲ್ಲ, ಕೊಳ್ಳುವವರು ಬೇಕು. ಸಮುದ್ರಕ್ಕೆ ಇಳಿಯುವ ಹುಡುಗನಿಗೆ ಅಂತ ಕೊಡೋಣ. ಆದರೆ ಗಂಡಿನ ಮನೆಯವರ ಮುಂದೆ ಇದನ್ನು ಚಿನ್ನದ ವಾಚು ಅಂತ ಯಾರೂ ಹೇಳಕೂಡದು. ಅವರು ನಂಬಿ ನಾಲ್ಕು ಜನಕ್ಕೆ ಹೇಳುತ್ತಾರೆ, ಆಮೇಲೆ ನಮ್ಮ ಹುಡುಗಿ ಮಾತು ಕೇಳಬೇಕಾಗುತ್ತದೆ. ಚಿನ್ನದ ಬಣ್ಣದ್ದು ಅಂತ ಬಾಯಿಬಿಟ್ಟು ಹೇಳಿಯೇ ಕೊಡೋಣ. ಚಿನ್ನವನ್ನು ಉಂಗುರದಲ್ಲಿ ಹಾಕೋಣ, ಅದಕ್ಕೆ ಆರು ಅಕ್ಷರದ ಹಾಲ್‌ಮಾರ್ಕ್ ನಂಬರ್ ಇರುತ್ತದೆ, ಸರ್ಕಾರದ ಬಿಐಎಸ್ ಕೇರ್ ಆ್ಯಪಿನಲ್ಲಿ ಅಂಗಡಿಯಲ್ಲೇ ನೋಡಬಹುದು.

ಪುಟ್ಟ, ದುಡ್ಡು ಹಾಕುವ ಮೊದಲು ಹಿಂದಿನ ಮುಚ್ಚಳದ ಫೋಟೋ ತರಿಸಿ ನನಗೆ ಕಳುಹಿಸು. ಅಕ್ಕ, ಅಳಿಯನ ಬೆರಳಿನ ಅಳತೆ ಸಿಕ್ಕಿತಾ? ಸಿಕ್ಕಿದ್ದರೆ ನಾಳೆ ಸಂಜೆ ಇಬ್ಬರೂ ಚಿಕ್ಕಪೇಟೆಗೆ ಹೋಗಿ ಬರೋಣ.